ಎಂಟನೇ ಗುಂಡಿಗೆ ಹಾರದ ಕ್ಲಿಪ್: ನನ್ನ ಎಂ1 ಗ್ಯಾರಂಡ್ ರಿಪೇರಿಯ ಲೆಕ್ಕ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಹಿಡಿದಿದ್ದ ರೈಫಲ್ ಎಂ1 ಗ್ಯಾರಂಡ್. ಅದನ್ನು ಹೊಡೆದವರಿಗೆಲ್ಲ ಆ ಸದ್ದು ಗೊತ್ತು. ಎಂಟನೇ ಗುಂಡು ಹೋದ ಕೂಡಲೇ, ಎಂಟು ತೋಟಾ ಹಿಡಿದಿದ್ದ ಲೋಹದ ಕ್ಲಿಪ್ ಖಾಲಿಯಾಗಿ 'ಟಿಣ್' ಅಂತ ಮೇಲಕ್ಕೆ ಚಿಮ್ಮುತ್ತದೆ. ನಳಿಕೆಯ ಹಿಂಬಾಯಿ ಮುಚ್ಚುವ ಬೋಲ್ಟ್ ಹಿಂದೆಯೇ ನಿಂತು, ಮುಂದಿನ ಕ್ಲಿಪ್ಪಿಗೆ ಬಾಯಿ ತೆರೆದುಕೊಂಡಿರುತ್ತದೆ. ನನ್ನ ರೈಫಲ್ ಮೊದಲ ದಿನ ಆ ಸದ್ದು ಮಾಡಲೇ ಇಲ್ಲ. ಎಂಟನೇ ಗುಂಡು ಹೋಯಿತು, ಬೋಲ್ಟ್ ಮುಚ್ಚಿಕೊಂಡಿತು, ಕ್ಲಿಪ್ ಒಳಗೇ ಕೂತಿತ್ತು. ಕಾರಣ ಹುಡುಕಿ ಸರಿ ಮಾಡುವಷ್ಟರಲ್ಲಿ ಒಂದು ಇಡೀ ಬೇಸಿಗೆ ಕಳೆಯಿತು.

ರೈಫಲ್ ಕೊಂಡಿದ್ದು ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂನಿಂದ. ಇಲ್ಲಿ ಅಮೆರಿಕದಲ್ಲಿ ಎಲ್ಲರೂ ಸಿಎಂಪಿ ಅಂತಾರೆ. ಸೈನ್ಯ ಬಳಸಿ ಬಿಟ್ಟ ಗ್ಯಾರಂಡ್‌ಗಳನ್ನು ನಾಗರಿಕರಿಗೆ ಮಾರುವ ಸಂಸ್ಥೆ ಅದು. ಇದರ ಬೇರು 1903ರ ಒಂದು ಸರಕಾರಿ ಯೋಜನೆಯಲ್ಲಿದೆ. 1996ರಲ್ಲಿ ಅಮೆರಿಕದ ಸಂಸತ್ತು ಅದನ್ನು ಲಾಭವಿಲ್ಲದ ಸ್ವತಂತ್ರ ಸಂಸ್ಥೆಯಾಗಿ ಮಾಡಿತು. ದುಡ್ಡು ಕೊಟ್ಟ ಮಾತ್ರಕ್ಕೆ ಬಂದೂಕು ಸಿಗುವುದಿಲ್ಲ. ಪೌರತ್ವ ಇರಬೇಕು, ಸಿಎಂಪಿ ಜೊತೆ ನಂಟಿರುವ ಕ್ಲಬ್ಬಿನ ಸದಸ್ಯರಾಗಿರಬೇಕು, ಗುರಿ ಅಭ್ಯಾಸ ಮಾಡಿದ್ದಕ್ಕೆ ದಾಖಲೆ ತೋರಿಸಬೇಕು, ಹಿನ್ನೆಲೆ ತಪಾಸಣೆಯಲ್ಲಿ ಪಾಸಾಗಬೇಕು. ನನಗೆ ಪೌರತ್ವ ಬಂದ ವರ್ಷವೇ ಕ್ಲಬ್ ಸೇರಿದೆ. ಅರ್ಜಿ ಹಾಕಿ, ಕಾದು, ಕೊನೆಗೆ ಒಂದು ದಿನ ಉದ್ದನೆಯ ಪೆಟ್ಟಿಗೆ ಮನೆ ಬಾಗಿಲಿಗೆ ಬಂತು.

ರಿಸೀವರ್‌ನ ಹಿಂಭಾಗದಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಅನ್ನುವ ಅಚ್ಚು (ರಿಸೀವರ್ ಅಂದರೆ ಬೋಲ್ಟ್ ಓಡಾಡುವ ಕಬ್ಬಿಣದ ಚೌಕಟ್ಟು). ಅದರ ಕೆಳಗಿನ ಸಂಖ್ಯೆಯನ್ನು ಪಟ್ಟಿ ಜೊತೆ ಹೋಲಿಸಿದರೆ 1943ರ ತಯಾರಿ. ಆದರೆ ಬೋಲ್ಟನ್ನು ಓಡಿಸುವ ಆಪರೇಟಿಂಗ್ ರಾಡನ್ನು ಹಿಂದಕ್ಕೆ ಎಳೆದು ನಳಿಕೆಯ ಬಲಮಗ್ಗುಲು ನೋಡಿದರೆ ಅಲ್ಲಿ 1952 ಅಂತಿದೆ. ಇದರಲ್ಲಿ ಮೋಸವೇನೂ ಇಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ರೈಫಲ್‌ಗಳನ್ನೆಲ್ಲ ಸೈನ್ಯದ ಕಾರ್ಖಾನೆಗಳಲ್ಲಿ ಬಿಚ್ಚಿ, ಸವೆದದ್ದನ್ನು ತೆಗೆದು, ಕೈಗೆ ಸಿಕ್ಕಿದ ಒಳ್ಳೆಯ ಭಾಗ ಹಾಕಿ ಮತ್ತೆ ಜೋಡಿಸಿದರು. ಯಾವ ಭಾಗ ಯಾವ ಬಂದೂಕಿನದು ಅಂತ ಯಾರೂ ಲೆಕ್ಕ ಇಡಲಿಲ್ಲ. ಯುದ್ಧದ ಕಾಲದಲ್ಲಿ ಸ್ಪ್ರಿಂಗ್‌ಫೀಲ್ಡ್ ಮತ್ತು ವಿಂಚೆಸ್ಟರ್ ಇವನ್ನು ಮಾಡಿದವು. 1950ರ ದಶಕದಲ್ಲಿ ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್ ಕಂಪನಿಯೂ, ಟ್ರ್ಯಾಕ್ಟರ್ ಮಾಡುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕೂಡ ಮಾಡಿದವು. ಒಟ್ಟು ಸುಮಾರು 54 ಲಕ್ಷ. ಒಬ್ಬರ ಬೋಲ್ಟ್ ಇನ್ನೊಬ್ಬರ ರಿಸೀವರ್‌ನಲ್ಲಿ ಕೂರುತ್ತದೆ, ಅದೇ ಇದರ ದೊಡ್ಡತನ.

ಇದನ್ನು ರೂಪಿಸಿದ ಜಾನ್ ಗ್ಯಾರಂಡ್ ಹುಟ್ಟಿದ್ದು 1888ರಲ್ಲಿ, ಕೆನಡಾದ ಕ್ವಿಬೆಕ್‌ನಲ್ಲಿ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಸಂಬಳಕ್ಕಿದ್ದ ಮನುಷ್ಯ. ಸೈನ್ಯ 1936ರಲ್ಲಿ ರೈಫಲನ್ನು ಒಪ್ಪಿಕೊಂಡಿತು. ಅವರು ಹಕ್ಕುಗಳನ್ನೆಲ್ಲ ಸರಕಾರಕ್ಕೇ ಬಿಟ್ಟುಕೊಟ್ಟರು, ಒಂದು ರೈಫಲ್‌ಗೆ ಇಷ್ಟು ಅಂತ ರಾಯಲ್ಟಿ ತೆಗೆದುಕೊಳ್ಳಲಿಲ್ಲ. ಅವರಿಗೆ ಒಂದು ಲಕ್ಷ ಡಾಲರ್ ಕೊಡಬೇಕು ಅಂತ ಸಂಸತ್ತಿನಲ್ಲಿ ಮಸೂದೆ ಬಂದಿತ್ತು, ಪಾಸಾಗಲಿಲ್ಲ. ಆ ರೈಫಲನ್ನು ಬಿಚ್ಚುವಾಗೆಲ್ಲ ನನಗೆ ಈ ವಿಷಯ ನೆನಪಾಗುತ್ತದೆ.

ಮೊದಲ ವಾರಾಂತ್ಯ: ಬಿಚ್ಚಿದ್ದು

ಮೊದಲು ಬೋಲ್ಟ್ ಎಳೆದು, ತೋಟಾ ಕೂರುವ ಚೇಂಬರ್ ಖಾಲಿ ಇದೆ ಅಂತ ಕಣ್ಣಲ್ಲಿ ನೋಡಿದೆ, ಕಿರುಬೆರಳು ಹಾಕಿಯೂ ನೋಡಿದೆ. ಹಳೆಯ ಬಂದೂಕು ಯಾರ ಕೈಯಿಂದ ಬಂದಿದ್ದರೂ ಇದನ್ನು ಬಿಡಬೇಡಿ.

ಆಮೇಲಿನದು ತುಂಬ ಸಲೀಸು. ಸೇಫ್ಟಿ ಹಾಕಿ, ಟ್ರಿಗರ್ ಗಾರ್ಡನ್ನು ಹಿಂದಕ್ಕೆಳೆದು ಕೆಳಗೆ ಬಾಗಿಸಿದರೆ ಇಡೀ ಟ್ರಿಗರ್ ಭಾಗ ಕೈಗೆ ಬರುತ್ತದೆ. ಸ್ಟಾಕ್, ಅಂದರೆ ಬಂದೂಕಿನ ಮರದ ಮೈ, ಬೇರೆಯಾಗುತ್ತದೆ. ಒಂದೂ ಸ್ಕ್ರೂ ಬಿಚ್ಚಬೇಕಾಗಿಲ್ಲ. ಬರಿಗೈಯಲ್ಲೇ ಮೂರು ತುಂಡು ಮಾಡಬಹುದು ಅನ್ನುವುದೇ ನನಗೆ ಖುಷಿ ಕೊಟ್ಟಿತು.

ಒಳಗೆಲ್ಲ ಕಾಸ್ಮೊಲಿನ್. ತುಕ್ಕು ಹಿಡಿಯದಂತೆ ಸೈನ್ಯ ಬಳಿಯುತ್ತಿದ್ದ ಮೇಣದಂಥ ಗ್ರೀಸ್ ಅದು. ಹಳೆಯದಾದರೆ ಕಂದುಬಣ್ಣಕ್ಕೆ ತಿರುಗಿ, ಹಲಸಿನ ಮೇಣದ ಹಾಗೆ ಅಂಟುತ್ತದೆ. ಕಬ್ಬಿಣದ ಭಾಗಗಳನ್ನು ಮಿನರಲ್ ಸ್ಪಿರಿಟ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಬೋಲ್ಟಿನ ಒಳಗೆ, ತೋಟಾದ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್ ಓಡಾಡುವ ತೂತನ್ನು ಮಾತ್ರ ಎರಡು ಸಲ ತೊಳೆದೆ. ಈ ಪಿನ್ನಿಗೆ ತಡೆಯುವ ಸ್ಪ್ರಿಂಗ್ ಇಲ್ಲ, ತನ್ನಷ್ಟಕ್ಕೆ ಹಿಂದೆ ಮುಂದೆ ಜಾರುತ್ತದೆ. ಅಂಟು ಹಿಡಿದು ಅದು ಮುಂದೆಯೇ ನಿಂತುಬಿಟ್ಟರೆ ಬೋಲ್ಟ್ ಮುಚ್ಚುವಾಗಲೇ ತೋಟಾ ಹಾರಬಹುದು. ಬೋಲ್ಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಪಿನ್ 'ಟಿಕ್ ಟಿಕ್' ಅಂತ ಓಡಾಡುವುದು ಕೇಳಿಸಿತು. ಆಗ ಸಮಾಧಾನವಾಯಿತು.

ಗ್ಯಾರಂಡ್‌ನ ನಳಿಕೆಯನ್ನು ಹಿಂದಿನಿಂದ ಉಜ್ಜಲು ಆಗುವುದಿಲ್ಲ, ರಿಸೀವರ್ ಅಡ್ಡ ಬರುತ್ತದೆ. ಬಾಯಿಯ ಕಡೆಯಿಂದಲೇ ಸರಳು ಹಾಕಬೇಕು. ಇಷ್ಟು ವರ್ಷ ಎಷ್ಟು ಸೈನಿಕರ ಸರಳು ಆ ಬಾಯಿಯನ್ನು ಸವೆಸಿದೆಯೋ! ಅದಕ್ಕೇ ಹಳೆಯ ಗ್ಯಾರಂಡ್‌ನಲ್ಲಿ ಮೊದಲು ನೋಡುವುದು ಬಾಯಿಯ ಸವೆತ. ಕ್ಲಬ್ಬಿನ ಸವೆತದ ಗೇಜ್ ಇಳಿಸಿ ನೋಡಿದೆ, ಅಂಕಿ ಕಮ್ಮಿ ಇದ್ದಷ್ಟೂ ಸವೆತ ಕಮ್ಮಿ. ಬಾಯಿಯಲ್ಲಿ 2, ಚೇಂಬರ್ ಮುಂದಿನ ಗಂಟಲಲ್ಲಿ 3. ಈ ವಯಸ್ಸಿಗೆ ಇದು ಒಳ್ಳೆಯ ನಳಿಕೆ. ನಾನು ಸರಳಿಗೆ ಬೋರ್ ಗೈಡ್ ಸಿಕ್ಕಿಸಿಯೇ ಉಜ್ಜುತ್ತೇನೆ, ಸರಳು ಅಂಚಿಗೆ ತಾಗಬಾರದು.

ಎರಡನೇ ಮತ್ತು ಮೂರನೇ ವಾರ: ಮರ

ಇಲ್ಲಿ ನಾನು ಜಾಸ್ತಿ ಹೊತ್ತು ಕಳೆದೆ. ಬೇಕಂತಲೇ ಕಳೆದೆ.

ಸ್ಟಾಕ್ ವಾಲ್‌ನಟ್ ಮರದ್ದು. ಗ್ರೀಸ್ ಕುಡಿದು ಕುಡಿದು ಕಪ್ಪಾಗಿತ್ತು, ಮುಟ್ಟಿದರೆ ಕೈಗೆ ಜಿಡ್ಡು. ಬಲಮಗ್ಗುಲಲ್ಲಿ, ಕೆನ್ನೆ ಒತ್ತುವ ಜಾಗದಿಂದ ಸ್ವಲ್ಪ ಕೆಳಗೆ, ಅರ್ಧ ಬೆರಳುದ್ದದ ಒಂದು ಓರೆ ಗಾಯ. ಕಬ್ಬಿಣದ ಅಂಚಿಗೆ ಬಲವಾಗಿ ಬಡಿದ ಹಾಗಿದೆ. ಗಾಯದ ಒಳಗಿನ ಮರವೂ ಕಪ್ಪು, ಅಂದರೆ ತುಂಬ ಹಳೆಯದು. ಲಾರಿಯ ಅಂಚೋ, ಹಡಗಿನ ಮೆಟ್ಟಿಲೋ, ಬರೀ ಗೋದಾಮಿನ ರ‍್ಯಾಕೋ, ಯಾರಿಗೆ ಗೊತ್ತು.

ಎಷ್ಟೋ ಜನ ಇಂಥ ಸ್ಟಾಕ್ ಸಿಕ್ಕಿದ ಕೂಡಲೇ ಉಪ್ಪುಕಾಗದ ಹಿಡಿದು ಕೂರುತ್ತಾರೆ. ದಯವಿಟ್ಟು ಬೇಡ. ಉಜ್ಜಿದರೆ ಸೈನ್ಯದ ಅಚ್ಚು ಹೋಗುತ್ತದೆ, ಅಂಚುಗಳು ದುಂಡಗಾಗುತ್ತವೆ, ಮರ ತೆಳ್ಳಗಾಗಿ ಕಬ್ಬಿಣ ಎದ್ದು ನಿಲ್ಲುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಈ ಮರಕ್ಕೆ ಉಪ್ಪುಕಾಗದವನ್ನಾಗಲಿ, ಬ್ಲೇಡನ್ನಾಗಲಿ ತಾಗಿಸುವುದಿಲ್ಲ ಅಂತ ಆ ದಿನ ನಿರ್ಧರಿಸಿದೆ. ಗಾಯಕ್ಕೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಮರ ಉಬ್ಬಿ ಅರ್ಧ ಮುಚ್ಚಿಕೊಳ್ಳುತ್ತದೆ. ಅದನ್ನೂ ಮಾಡಲಿಲ್ಲ.

ಜಿಡ್ಡು ತೆಗೆಯಲು ಬಿಸಿಲೇ ಸಾಕು. ಸ್ಟಾಕನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮಧ್ಯಾಹ್ನದ ಬಿಸಿಲಿಗೆ ನಿಂತ ಕಾರಿನೊಳಗೆ ಇಟ್ಟೆ. ಎರಡು ಗಂಟೆಗೆ ಮರ ಬೆವರತೊಡಗಿತು. ಬಟ್ಟೆ ಬದಲಾಯಿಸಿ ಮತ್ತೆ ಇಟ್ಟೆ. ನಾಲ್ಕು ದಿನ ಹೀಗೇ. ಕೊನೆಯ ದಿನದ ಬಟ್ಟೆ ಹೆಚ್ಚುಕಡಿಮೆ ಒಣಗೇ ಇತ್ತು. ಕಪ್ಪು ಹೋಗಿ, ಕೆಳಗಿನಿಂದ ಕೆಂಪು ಛಾಯೆಯ ಕಂದು ಎದ್ದು ಬಂತು.

ಆಮೇಲೆ ಅಗಸೆ ಎಣ್ಣೆ. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು, ಅಂಗೈ ಬಿಸಿಯಾಗುವ ತನಕ ತಿಕ್ಕಿ, ಇಪ್ಪತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯುವುದು. ದಪ್ಪ ಬಳಿದರೆ ಒಣಗದೆ ಅಂಟಂಟಾಗಿ ಕೂರುತ್ತದೆ. ಐದು ಕೈ ಕೊಟ್ಟೆ, ಮಧ್ಯೆ ಒಂದೊಂದು ದಿನ ಬಿಟ್ಟು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗುತ್ತದೆ, ಮುದ್ದೆಯ ಒಳಗೆ ಆ ಬಿಸಿ ಕೂಡಿಕೊಂಡು ಬೆಂಕಿಯೇ ಹತ್ತಬಹುದು. ನಾನು ನೀರಿನ ಬಕೆಟ್ಟಿಗೆ ಹಾಕುತ್ತೇನೆ.

ಜೋಡಿಸುವ ಮೊದಲು ಗ್ರೀಸ್. ಗ್ಯಾರಂಡ್‌ಗೆ ಬರೀ ಎಣ್ಣೆ ಸಾಲುವುದಿಲ್ಲ. ಬೋಲ್ಟಿನ ಎರಡು ಕಿವಿ, ರಿಸೀವರ್‌ನಲ್ಲಿ ಅವು ಕೂರುವ ಜಾಗ, ರಾಡ್ ಜಾರುವ ತೋಡು, ನಳಿಕೆಯ ಅಡಿಯಲ್ಲಿ ರಾಡ್ ತಾಗುವ ಕಡೆ ತೆಳ್ಳಗೆ ಗ್ರೀಸ್ ಸವರಬೇಕು. ಯುದ್ಧದಲ್ಲಿ ಮಳೆಗೆ ಎಣ್ಣೆ ತೊಳೆದು ಹೋಗುತ್ತಿತ್ತು ಅಂತ ಸೈನಿಕರಿಗೂ ಗ್ರೀಸ್ ಕೊಟ್ಟಿದ್ದರು. ಅದರ ಪುಟ್ಟ ಡಬ್ಬಿ ಸ್ಟಾಕಿನ ಹಿಂಭಾಗದ ತೂತಿನಲ್ಲಿ ಹಿಡಿಯುತ್ತದೆ. ನಳಿಕೆಯ ಮುಂತುದಿಯ ಅಡಿಯಲ್ಲಿರುವ ಗ್ಯಾಸ್ ಸಿಲಿಂಡರ್ ಒಳಗೆ ಮಾತ್ರ ಎಣ್ಣೆಯೂ ಬೇಡ, ಗ್ರೀಸೂ ಬೇಡ. ಅಲ್ಲಿ ಅದು ಸುಟ್ಟು ಕರಕಾಗುತ್ತದೆ ಅಷ್ಟೆ.

ನಾಲ್ಕನೇ ವಾರ: ಮೊದಲ ಸಲ ಹೊಡೆದದ್ದು

ತೋಟಾ ಆರಿಸುವಲ್ಲಿ ನಾನು ತುಂಬ ಬಿಗಿ. ಇದರ ತೋಟಾದ ಅಳತೆ 30-06 ಹೌದು. ಹಾಗಂತ ಬೇಟೆಗೆ ಮಾರುವ ಎಲ್ಲ 30-06 ತೋಟಾವೂ ಇದಕ್ಕೆ ಆಗುವುದಿಲ್ಲ. ಗುಂಡು ನಳಿಕೆಯ ಬಾಯಿ ತಲುಪುವ ಸ್ವಲ್ಪ ಮೊದಲು, ಅಡಿಯಲ್ಲಿರುವ ಒಂದು ಸಣ್ಣ ತೂತನ್ನು ದಾಟುತ್ತದೆ. ಅಲ್ಲಿಂದ ಗ್ಯಾಸ್ ಕೆಳಗಿಳಿದು ರಾಡಿನ ತುದಿಯ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಭಾರದ ಗುಂಡು, ನಿಧಾನಕ್ಕೆ ಉರಿಯುವ ಮದ್ದು ಇದ್ದರೆ ಆ ತೂತಿನ ಹತ್ತಿರ ಒತ್ತಡ ಜಾಸ್ತಿ ಉಳಿದಿರುತ್ತದೆ. ರಾಡ್ ಬಾಗಿ ಹೋಗಬಹುದು. ಸೈನ್ಯದ ಎಂ2 ಬಾಲ್ ತೋಟಾದ ಗುಂಡು ಸುಮಾರು 150 ಗ್ರೇನ್ (ಹತ್ತಿರ ಹತ್ತಿರ 10 ಗ್ರಾಂ) ತೂಕದ್ದು. ನಾನು ಗ್ಯಾರಂಡ್‌ಗೆಂದೇ ಬರೆದಿರುವ 150 ಗ್ರೇನಿನ ಹೊಸ ತೋಟಾ ಮಾತ್ರ ತಂದೆ. ಎರಡನೇ ಮಹಾಯುದ್ಧದ ಕಾಲದ ಹೆಚ್ಚಿನ ಅಮೆರಿಕನ್ ತೋಟಾಗಳ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಭಾಗ) ಉಪ್ಪು ಬಿಡುವಂಥದ್ದು. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆಯದಿದ್ದರೆ ನಳಿಕೆ ತುಕ್ಕು ಹಿಡಿಯುತ್ತದೆ. ಅದು ಯಾರಾದರೂ ಸುಮ್ನೆ ಕೊಟ್ಟರೂ ನನಗೆ ಬೇಡ.

ಕ್ಲಿಪ್ ತುಂಬುವಾಗ ಹೆಬ್ಬೆರಳಿನ ಮೇಲೆ ಗಮನ ಇರಲಿ. ಎಂಟು ತೋಟಾದ ಕ್ಲಿಪ್ಪನ್ನು ಮೇಲಿನಿಂದ ಕೆಳಕ್ಕೆ ಒತ್ತುತ್ತೇವೆ. ಅದು ಕೂತ ಕ್ಷಣ ಬೋಲ್ಟ್ ಬಿಡುಗಡೆಯಾಗಿ ಮುಂದಕ್ಕೆ ನುಗ್ಗುತ್ತದೆ. ಬಲಗೈಯ ಅಂಚನ್ನು ರಾಡಿನ ಹಿಡಿಗೆ ಒತ್ತಿಟ್ಟುಕೊಂಡು, ಹೆಬ್ಬೆರಳಿನಿಂದ ಕ್ಲಿಪ್ ಒತ್ತಿ, ಬೆರಳು ಮೇಲೆ ಬಂದ ಮೇಲೆ ಹಿಡಿ ಬಿಡಬೇಕು.

ನೂರು ಗಜದ ಗುರಿ. ಮೊದಲ ಎರಡು ಗುಂಡು ಚೆನ್ನಾಗಿ ಹೋದವು. ಭುಜಕ್ಕೆ ಪೆಟ್ಟು ಅಂದುಕೊಂಡಷ್ಟು ಇಲ್ಲ, 4.3 ಕಿಲೋ ತೂಕ ಅದನ್ನು ನುಂಗುತ್ತದೆ. ಮೂರನೆಯದಕ್ಕೆ ತೋಟಾದ ಖಾಲಿ ಕೇಸ್ ಹೊರಗೆ ಹಾರದೆ ಬೋಲ್ಟಿನ ಮುಂದೆ ನಿಗುರಿ ಸಿಕ್ಕಿಕೊಂಡಿತು. ತೆಗೆದು ಮುಂದುವರಿಸಿದೆ. ಆರನೆಯದಕ್ಕೆ ಮತ್ತೆ ಅದೇ. ಎಂಟನೆಯದು ಹೋದ ಮೇಲೆ ಏನಾಯಿತು ಅಂತ ಮೊದಲೇ ಹೇಳಿದೆ. ನಾಲ್ಕು ಕ್ಲಿಪ್ ಹೊಡೆದೆ, ಒಂದೇ ಒಂದು ಸಲ 'ಟಿಣ್' ಅಂತು.

ಅರ್ಥ ಸ್ಪಷ್ಟ. ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ. ದಾರಿಯಲ್ಲೇ ಸುಸ್ತಾಗಿ ವಾಪಸ್ ಬರುತ್ತಿದೆ. ಒಂದೋ ತಳ್ಳುವ ಗ್ಯಾಸ್ ಸೋರುತ್ತಿದೆ, ಇಲ್ಲವೇ ಎಲ್ಲೋ ತಡೆ ಇದೆ.

ಹುಡುಕಾಟ

ಮೊದಲು ನೋಡಬೇಕಾದದ್ದು ಅತಿ ಅಗ್ಗದ್ದು, ಗ್ಯಾಸ್ ಸಿಲಿಂಡರ್ ಮುಂದಿನ ಲಾಕ್ ಸ್ಕ್ರೂ. ಸಡಿಲವಾಗಿದ್ದರೆ ಗ್ಯಾಸ್ ಅಲ್ಲೇ ಸೋರಿಹೋಗುತ್ತದೆ. ಕಾಲು ಸುತ್ತು ಬಿಗಿಯಾಯಿತು. ಇದೇ ಇರಬೇಕು ಅಂದುಕೊಂಡು ಮರುದಿನ ರೇಂಜಿಗೆ ಹೋದೆ. ಸಿಕ್ಕಿಕೊಳ್ಳುವುದು ಸ್ವಲ್ಪ ಕಮ್ಮಿಯಾಯಿತು, ನಿಲ್ಲಲಿಲ್ಲ.

ಆಮೇಲೆ ಅಳತೆ. ಪಿಸ್ಟನ್ ಮೈಕ್ರೊಮೀಟರ್‌ನಲ್ಲಿ 0.5255 ಇಂಚು. 0.525ಕ್ಕಿಂತ ಕಮ್ಮಿಯಾದರೆ ಬದಲಾಯಿಸಬೇಕು ಅನ್ನುತ್ತಾರೆ. ಸವೆದಿದೆ, ಆದರೆ ಬದುಕಿದೆ. ರಾಡ್ ಸ್ಪ್ರಿಂಗನ್ನು ಮೇಜಿನ ಮೇಲೆ ಚಾಚಿ ಅಳೆದರೆ ಹದಿನೆಂಟೂ ಮುಕ್ಕಾಲು ಇಂಚು. ಹೊಸದು ಇಪ್ಪತ್ತು ಇಂಚಿಗಿಂತ ಉದ್ದ ಇರುತ್ತದೆ, ಹತ್ತೊಂಬತ್ತಕ್ಕೆ ಇಳಿದರೆ ಬದಲಿಸಬೇಕು. ಹೊಸದು ತರಿಸಿ ಹಾಕಿದೆ.

ತೊಂದರೆ ಜಾಸ್ತಿಯಾಯಿತು.

ಅವತ್ತು ಬೇಜಾರಾಯಿತು. ಆದರೆ ರಾತ್ರಿ ಕೂತು ಯೋಚಿಸಿದಾಗ ದಾರಿ ಕಂಡದ್ದೂ ಅಲ್ಲೇ. ಗ್ಯಾರಂಡ್‌ನಲ್ಲಿ ಒಂದೇ ಸ್ಪ್ರಿಂಗ್ ಎರಡು ಕೆಲಸ ಮಾಡುತ್ತದೆ. ರಾಡನ್ನು ಮುಂದಕ್ಕೆ ತಳ್ಳುವುದೂ ಅದೇ, ಕ್ಲಿಪ್ಪಿನ ತೋಟಾಗಳನ್ನು ಮೇಲಕ್ಕೆ ಎತ್ತುವುದೂ ಅದೇ. ಹಳೆಯ ಸ್ಪ್ರಿಂಗ್ ಸೋತಿತ್ತು. ಅದಕ್ಕೇ ರಾಡ್ ಹೇಗೋ ಹಿಂದಕ್ಕೆ ಹೋಗುತ್ತಿತ್ತು. ಹೊಸ ಸ್ಪ್ರಿಂಗ್ ಸರಿಯಾದ ಬಲದಲ್ಲಿ ತಡೆಯಿತು, ಆಗ ರಾಡ್ ಇನ್ನೂ ಬೇಗ ನಿಂತಿತು. ಅಂದರೆ ಬೇರೆಲ್ಲೋ ಒಂದು ತಡೆ ಇದೆ. ಸೋತ ಸ್ಪ್ರಿಂಗ್ ಅದನ್ನು ಇಷ್ಟು ದಿನ ಮುಚ್ಚಿಟ್ಟಿತ್ತು. ಕೈಯಲ್ಲಿ ಎಳೆದರೆ ಗೊತ್ತೇ ಆಗುವುದಿಲ್ಲ, ಕೈಯ ಬಲದ ಮುಂದೆ ಆ ತಡೆ ಏನೂ ಅಲ್ಲ.

ಕ್ಲಬ್ಬಿನಲ್ಲಿ ಗ್ಯಾರಂಡ್ ಹೊಡೆಯುವ ಹಿರಿಯರೊಬ್ಬರಿದ್ದಾರೆ. ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ಸ್ಪ್ರಿಂಗ್ ತೆಗೆದು, ಓರೆ ಹಿಡಿದು ನೋಡಿದೆಯಾ?"

"ಇಲ್ಲ."

"ಮೊದಲು ಮರ ಇಲ್ಲದೆ ನೋಡು. ಆಮೇಲೆ ಮರದೊಳಗಿಟ್ಟು ನೋಡು. ಎರಡರ ನಡುವೆ ಏನು ಬದಲಾಯಿತೋ ಅದೇ ನಿನ್ನ ರೋಗ."

ಇದಕ್ಕೆ ಟಿಲ್ಟ್ ಟೆಸ್ಟ್ ಅನ್ನುತ್ತಾರೆ. ಸ್ಪ್ರಿಂಗ್ ಇಲ್ಲದೆ ರಾಡ್ ಮತ್ತು ಬೋಲ್ಟ್ ಮಾತ್ರ ಜೋಡಿಸಿ, ನಳಿಕೆಯನ್ನು ಮೇಲಕ್ಕೆ ಓರೆ ಮಾಡಬೇಕು. ರಾಡ್ ತನ್ನ ಭಾರಕ್ಕೇ ಸರ್ರನೆ ಹಿಂದಕ್ಕೆ ಜಾರಬೇಕು. ನಳಿಕೆ ಕೆಳಗೆ ಮಾಡಿದರೆ ಮುಂದಕ್ಕೆ ಜಾರಿ ಬೋಲ್ಟ್ ಮುಚ್ಚಬೇಕು. ಮರ ಇಲ್ಲದೆ ಮಾಡಿದೆ. ಬೆಣ್ಣೆಯಂತೆ ಜಾರಿತು. ಸ್ಟಾಕಿನೊಳಗೆ ಕೂರಿಸಿ, ಕೈಯಲ್ಲಿ ಬಿಗಿಯಾಗಿ ಅದುಮಿ ಹಿಡಿದು ಮತ್ತೆ ಓರೆ ಮಾಡಿದೆ. ರಾಡ್ ಅರ್ಧ ದಾರಿಗೆ ಬಂದು ನಿಂತುಬಿಟ್ಟಿತು.

ದೀಪದ ಕೆಳಗೆ ರಾಡನ್ನು ತಿರುಗಿಸಿ ನೋಡಿದೆ. ರಿಸೀವರ್ ಮುಂದೆ ರಾಡ್ ಬಾಗಿ ನಳಿಕೆಯ ಅಡಿಗೆ ಇಳಿಯುವ ಕಡೆ, ಹೊರಮಗ್ಗುಲಲ್ಲಿ, ಅಕ್ಕಿಕಾಳಿನಷ್ಟು ಅಗಲ, ಎರಡು ಬೆರಳು ಉದ್ದದ ಹೊಳೆಯುವ ಗೆರೆ. ಉಳಿದ ರಾಡಿನ ಬೂದು ಲೇಪ ಹಾಗೇ ಇದೆ. ಅದಕ್ಕೆ ಎದುರಾಗಿ ಸ್ಟಾಕಿನ ಒಳಗೋಡೆಯಲ್ಲಿ ಮರ ಪಾಲಿಶ್ ಮಾಡಿದ ಹಾಗೆ ಮಿನುಗುತ್ತಿತ್ತು. ಈ ಗೆರೆ ಮೊದಲ ದಿನವೂ ಇತ್ತು. ನಾನು ಅದನ್ನು ವಯಸ್ಸಿನ ಸವೆತ ಅಂದುಕೊಂಡು ದಾಟಿ ಹೋಗಿದ್ದೆ.

ಬ್ಲೇಡ್

ಈ ಮರಕ್ಕೆ ಬ್ಲೇಡ್ ತಾಗಿಸುವುದಿಲ್ಲ ಅಂದಿದ್ದೆ, ಅಲ್ವಾ? ಎರಡು ದಿನ ಸ್ಟಾಕನ್ನು ಹಾಗೇ ಇಟ್ಟೆ. ಬೇರೆ ಸ್ಟಾಕ್ ಕೊಳ್ಳಬಹುದಿತ್ತು, ಹೊಸ ವಾಲ್‌ನಟ್ ಸ್ಟಾಕ್ ಸಿಗುತ್ತದೆ. ಆದರೆ ಆ ಗಾಯವಿರುವ ಮರವನ್ನು ಅಟ್ಟಕ್ಕೆ ಹಾಕಿ ಹೊಸ ಮರದಲ್ಲಿ ಹೊಡೆಯುವುದು ನನಗೆ ಒಗ್ಗಲಿಲ್ಲ. ಸೈನ್ಯದ ಕಾರ್ಖಾನೆಯಲ್ಲಿ ಯಾರೋ ಈ ಸ್ಟಾಕನ್ನು ಈ ರಿಸೀವರ್‌ಗೆ ಕೂರಿಸಿದ್ದಾರೆ. ಅವರಿಗೆ ರಾಡ್ ಉಜ್ಜುವುದು ಕಂಡಿದ್ದರೆ ಅವರೇ ಕೆರೆದು ಬಿಡುತ್ತಿದ್ದರು. ಹೊರಗಿನ ಮೈ ಈ ಬಂದೂಕು ಕಂಡ ದಿನಗಳದ್ದು, ಅದನ್ನು ಮುಟ್ಟಬಾರದು. ಒಳಗಿನ ತೋಡು ರಾಡ್ ಓಡಾಡುವುದಕ್ಕೆ ಇರುವುದು. ಹೀಗೆ ನನಗೆ ನಾನೇ ಹೇಳಿಕೊಂಡು ಕೆಲಸಕ್ಕೆ ಕೂತೆ.

ಮರ ಎಲ್ಲಿ ತಾಗುತ್ತದೆ ಅಂತ ಸರಿಯಾಗಿ ತಿಳಿಯಲು ರಾಡಿಗೆ ಏನಾದರೂ ಕಪ್ಪು ಬಳಿಯಬೇಕು. ಮನೆಯಲ್ಲಿದ್ದ ಕಾಡಿಗೆ ತೆಗೆದುಕೊಂಡೆ. ಜಿಡ್ಡಿರುವುದರಿಂದ ತೆಳ್ಳಗೆ ಹರಡುತ್ತದೆ, ತಾಗಿದಲ್ಲೆಲ್ಲ ಗುರುತು ಬಿಡುತ್ತದೆ.

"ರೀ, ನನ್ನ ಕಾಡಿಗೆ ಡಬ್ಬಿ ನೋಡಿದ್ರಾ?" ಅಂತ ಒಳಗಿನಿಂದ ಕೂಗು ಬಂತು.

"ಇಲ್ಲಿದೆ. ಹತ್ತು ನಿಮಿಷ ಕೊಡು."

ಅವಳು ಬಂದು ನೋಡಿದಳು. ಬಂದೂಕಿನ ರಾಡಿಗೆ ಕಾಡಿಗೆ, ಮೇಜಿನ ಮೇಲೆ ಬ್ಲೇಡು. ಏನೂ ಹೇಳದೆ ಟಾರ್ಚ್ ತೆಗೆದುಕೊಂಡು ಸ್ಟಾಕಿನೊಳಗೆ ಬೆಳಕು ಹಿಡಿದಳು. ಆಮೇಲೆ ಪೂರ್ತಿ ಕೆಲಸಕ್ಕೆ ದೀಪ ಹಿಡಿದವಳು ಅವಳೇ.

ಜೋಡಿಸಿ, ರಾಡನ್ನು ನಿಧಾನಕ್ಕೆ ಎರಡು ಸಲ ಹಿಂದೆ ಮುಂದೆ ಮಾಡಿ, ಬಿಚ್ಚಿದೆ. ಒಳಗೋಡೆಯಲ್ಲಿ ಕಪ್ಪು ಗೆರೆ. ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ, ಕತ್ತರಿಸದೆ ಬರೀ ಕೆರೆದೆ. ಹೊಗೆಯಂಥ ತೆಳು ಪುಡಿ ಬಂತು, ಆಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಒಂದು ಸುರುಳಿ. ಕಪ್ಪು ಹೋದ ಕೂಡಲೇ ನಿಲ್ಲಿಸಿದೆ. ಮತ್ತೆ ಕಾಡಿಗೆ, ಮತ್ತೆ ಜೋಡಣೆ. ಎರಡನೇ ಸಲ ಗೆರೆ ಇನ್ನೂ ಮುಂದೆ, ಸಣ್ಣದಾಗಿ ಬಂತು. ಮೂರನೇ ಸಲ ಎರಡು ಚುಕ್ಕೆ. ನಾಲ್ಕನೇ ಸಲ ಏನೂ ಇಲ್ಲ. ರಾಡ್ ಮತ್ತು ಮರದ ನಡುವೆ ದಪ್ಪ ಕಾಗದದ ಪಟ್ಟಿ ಸಲೀಸಾಗಿ ಓಡಾಡಿತು. ಇನ್ನೂ ಒಂದು ಸಲ ಕೆರೆದೆ, ಮಳೆಗಾಲದ ಥಂಡಿಗೆ ಮರ ಉಬ್ಬಿದರೂ ತಾಗಬಾರದು ಅಂತ. ಬಿಳಿಚಿದ ಮರಕ್ಕೆ ಎರಡು ಕೈ ಅಗಸೆ ಎಣ್ಣೆ ಕೊಟ್ಟೆ. ಹಸಿ ಮರ ಬಿಟ್ಟರೆ ನೀರು ಹೀರಿ ಮತ್ತೆ ಉಬ್ಬುತ್ತದೆ.

ಹಿಂದಿನ ಹ್ಯಾಂಡ್‌ಗಾರ್ಡ್ (ನಳಿಕೆಯ ಮೇಲಿನ ಮರದ ಹೊದಿಕೆ) ಕೂಡ ಹೀಗೇ ಪರೀಕ್ಷೆ ಮಾಡಿದೆ, ಅಲ್ಲಿ ಏನೂ ತಾಗುತ್ತಿರಲಿಲ್ಲ. ಮರದೊಳಗಿಟ್ಟು ಓರೆ ಹಿಡಿದೆ. ರಾಡ್ ಸರ್ರನೆ ಹಿಂದಕ್ಕೆ ಬಂದು 'ಠಕ್' ಅಂತ ನಿಂತಿತು.

ರಾಡ್ ಕೈಯಲ್ಲಿದ್ದಾಗಲೇ ಅದರ ಮೂಲೆಯನ್ನೂ ನೋಡಿದೆ. ಯುದ್ಧಕಾಲದ ರಾಡ್‌ಗಳಲ್ಲಿ ಒಂದು ಚೌಕ ಮೂಲೆ ಇತ್ತು, ಅಲ್ಲಿ ಬಿರುಕು ಬಿಡುತ್ತಿತ್ತು. ಆಮೇಲೆ ಆ ಮೂಲೆಯನ್ನು ದುಂಡಗೆ ಕೊರೆದರು. ನನ್ನದು ಕೊರೆದ ರಾಡ್. ಸಂಗ್ರಹ ಮಾಡುವವರು ಕೊರೆಯದ ರಾಡಿಗೆ ಜಾಸ್ತಿ ದುಡ್ಡು ಕೊಡುತ್ತಾರೆ. ಹೊಡೆಯುವವನಾದ ನನಗೆ ಇದೇ ಬೇಕು.

ಮತ್ತೆ ರೇಂಜ್

ಹೊಸ ಸ್ಪ್ರಿಂಗ್, ಅದೇ ತೋಟಾ, ಐದು ಕ್ಲಿಪ್. ನಲವತ್ತು ಗುಂಡು. ಖಾಲಿ ಕೇಸ್‌ಗಳೆಲ್ಲ ಬಲ ಮುಂದಕ್ಕೆ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಿದ್ದಿದ್ದವು. ಐದು ಸಲವೂ ಕ್ಲಿಪ್ ಹಾರಿತು. ಮೊದಲನೆಯದು ಹಾರಿ ಸಿಮೆಂಟ್ ನೆಲಕ್ಕೆ ಬಿದ್ದಾಗ ಪಕ್ಕದ ಬೆಂಚಿನಲ್ಲಿದ್ದ ಆ ಹಿರಿಯರು ಕಿವಿಯ ಮಫ್ ಸರಿಸಿ ನನ್ನ ಕಡೆ ನೋಡಿ ನಕ್ಕರು.

ಆದರೆ ಗುರಿಯ ಕಾಗದದಲ್ಲಿ ಇನ್ನೊಂದು ವಿಷಯ ಕಂಡಿತು. ಗುಂಡುಗಳು ಅಡ್ಡಕ್ಕೆ ಚೆನ್ನಾಗಿ ಕೂಡಿವೆ, ಉದ್ದಕ್ಕೆ ಮಾತ್ರ ಚೆಲ್ಲಿವೆ. ಹೊಡೆಯುತ್ತ ಹೋದಂತೆ ಒಂದೊಂದೇ ಕೆಳಗಿಳಿದಿವೆ. ಇಷ್ಟು ದಿನ ಸಿಕ್ಕಿಕೊಳ್ಳುವ ಕೇಸ್‌ಗಳ ಗಲಾಟೆಯಲ್ಲಿ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಇಂಥದ್ದಕ್ಕೆ ಗುರಿ ನೋಡುವ ಹಿಂದಿನ ಸೈಟನ್ನು ಅನುಮಾನಿಸಬೇಕು, ಅದರ ಪರೀಕ್ಷೆ ಸುಲಭ. ಎತ್ತರ ಹೊಂದಿಸುವ ತಿರುಗುಗುಂಡಿಯನ್ನು ಹತ್ತು ಕ್ಲಿಕ್ ಮೇಲೆತ್ತಿ, ಸೈಟಿನ ತಲೆಯನ್ನು ಹೆಬ್ಬೆರಳಿನಿಂದ ಬಲವಾಗಿ ಕೆಳಗೆ ಒತ್ತಬೇಕು. ಇಳಿಯಬಾರದು. ನನ್ನದು ಇಳಿಯಿತು. ಪ್ರತಿ ಗುಂಡಿನ ಪೆಟ್ಟಿಗೂ ಒಂದಿಷ್ಟು ಇಳಿಯುತ್ತಿತ್ತು ಅಂತಾಯಿತು. ಒಂದು ಕ್ಲಿಕ್ ಅಂದರೆ ನೂರು ಗಜದಲ್ಲಿ ಸುಮಾರು ಒಂದು ಇಂಚು, ಇನ್ನೂರು ಗಜದಲ್ಲಿ ಎರಡು. ಬಲಗಡೆಯ ಗುಂಡಿಯ ನಡುವೆ ಒಂದು ನಟ್ ಇದೆ. ಅದನ್ನು ಒಂದೊಂದೇ ಕ್ಲಿಕ್ ಬಿಗಿ ಮಾಡಿ, ಮತ್ತೆ ಒತ್ತಿ ನೋಡಿ, ಮತ್ತೆ ಬಿಗಿ ಮಾಡಿದೆ. ಗುಂಡಿ ತಿರುಗಿಸಲು ಕೈಗೆ ಸ್ವಲ್ಪ ಬಿಗಿ ಅನ್ನಿಸಬೇಕು, ಇಕ್ಕಳ ಬೇಕಾಗಬಾರದು.

ಮುಂದಿನ ತಿಂಗಳು ಕ್ಲಬ್ಬಿನಲ್ಲಿ ಗ್ಯಾರಂಡ್ ಪಂದ್ಯ ಇತ್ತು. ಓಹಾಯೊದ ಕ್ಯಾಂಪ್ ಪೆರಿಯಲ್ಲಿ ಪ್ರತಿ ಬೇಸಿಗೆ ನಡೆಯುವ ದೊಡ್ಡ ಪಂದ್ಯದ ಮಾದರಿಯೇ. ಇನ್ನೂರು ಗಜ, ಮೊದಲು ಐದು ಪರೀಕ್ಷೆಯ ಗುಂಡು. ಆಮೇಲೆ ಮಲಗಿ ಹತ್ತು ನಿಧಾನಕ್ಕೆ, ಮಲಗಿಯೇ ಹತ್ತು ಎಂಬತ್ತು ಸೆಕೆಂಡಿನಲ್ಲಿ, ನಿಂತು ಹತ್ತು. ಒಟ್ಟು 300 ಅಂಕ. ಎಂಬತ್ತು ಸೆಕೆಂಡಿನ ಸುತ್ತಿನಲ್ಲಿ ಮಧ್ಯೆ ಕ್ಲಿಪ್ ಬದಲಿಸಲೇಬೇಕು. ಕೇಸ್ ಸಿಕ್ಕಿಕೊಂಡರೆ ಅಲ್ಲಿಗೆ ಆ ಸುತ್ತು ಮುಗಿದ ಹಾಗೆ. ನನಗೆ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. 253 ಬಂತು. ನಿಂತು ಹೊಡೆಯುವಾಗ ಕೈ ಅಲ್ಲಾಡಿ ಅಂಕ ಹೋಯಿತು, ರೈಫಲ್‌ನ ತಪ್ಪಲ್ಲ.

ಮನೆಗೆ ಬಂದು ಬಿಚ್ಚಿ, ಮೊದಲು ನೋಡಿದ್ದು ಸ್ಟಾಕಿನ ಒಳಗೋಡೆ. ಎಣ್ಣೆ ಕುಡಿದ ಮರ ಮಂಕಾಗಿಯೇ ಇತ್ತು. ಎಲ್ಲೂ ಹೊಳಪಿರಲಿಲ್ಲ.